ಒಣನಾಡಿನ ಕಾಲು, ಒದ್ದೆ ಕಾಡು: ಮಳೆಗಾಲದ ಕೊನೆಯ ನಡಿಗೆಗೆ ಎಂಥ ಬೂಟು ಬೇಕು?

ದಸರೆಯಿಂದ ದೀಪಾವಳಿಯವರೆಗಿನ ವಾರಗಳಲ್ಲಿ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಕೊಡಚಾದ್ರಿ, ಆಗುಂಬೆ, ಕುಮಾರ ಪರ್ವತಗಳತ್ತ ಹೊರಡುವ ಗೆಳೆಯರ ಗುಂಪುಗಳು ಈಗ ಬಹಳ. ಹೊರಡುವ ಹಿಂದಿನ ದಿನ ಅಂಗಡಿಗೆ ಹೋಗಿ ‘ವಾಟರ್‌ಪ್ರೂಫ್ ಬೂಟು ಕೊಡಿ’ ಎಂದು ಕೇಳುವುದು, ಪೆಟ್ಟಿಗೆಯ ಮೇಲೆ ಆ ಪದ ಕಂಡರೆ ಸಮಾಧಾನದಿಂದ ಹಣ ಕೊಟ್ಟು ಬರುವುದು ಸಾಮಾನ್ಯ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಹಿಡ್ಲುಮನೆ ಜಲಪಾತದ ದಾರಿಯಿಂದ ಕೊಡಚಾದ್ರಿ ಏರುವಾಗ ಮೊಣಕಾಲುದ್ದದ ಹಳ್ಳವೊಂದನ್ನು ದಾಟಿದೆವು. ನನ್ನ ಬೂಟಿನ ಬಾಯಿಂದ ಒಳಗೆ ಸುರಿದ ನೀರು, ಬೂಟು ನಿಜವಾಗಿಯೂ ವಾಟರ್‌ಪ್ರೂಫ್ ಆಗಿದ್ದುದರಿಂದಲೇ, ಸಂಜೆಯವರೆಗೂ ಹೊರಗೆ ಹೋಗಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತಂತೆ ಎರಡೂ ಕಾಲಲ್ಲಿ ನೀರು ಹೊತ್ತು ನಡೆದೆ. ರಾತ್ರಿ ಕಾಲ್ಚೀಲ ಬಿಚ್ಚಿದಾಗ ಹಿಮ್ಮಡಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಎರಡು ಕಡೆ ಸುಲಿದಿತ್ತು. ನಮ್ಮ ಜೊತೆ ಬಂದಿದ್ದ ಆ ಊರಿನ ಹುಡುಗ ತೊಟ್ಟಿದ್ದುದು ಮೈತುಂಬ ತೂತುಗಳಿದ್ದ ಅಗ್ಗದ ಪ್ಲಾಸ್ಟಿಕ್ ಬೂಟು. ಅವನ ಕಾಲು ಊಟದ ಹೊತ್ತಿಗೆ ಆರಿಹೋಗಿತ್ತು.

ದುಬಾರಿ ಬೂಟು ಸೋತು ಅಗ್ಗದ ಬೂಟು ಗೆದ್ದದ್ದು ಆಕಸ್ಮಿಕವಲ್ಲ. ಅದರ ಹಿಂದೆ ನೀರು, ಶಾಖ ಮತ್ತು ಚರ್ಮದ ಸರಳವಾದ ನಿಯಮಗಳಿವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಚಿತ್ರದುರ್ಗದವರಾದ ನಮಗೆ, 7,000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಿ ಕಾಲಿಗೆ ಏನಾಗುತ್ತದೆ ಎಂಬ ಅನುಭವ ಮನೆಯಿಂದ ಬಂದಿರುವುದಿಲ್ಲ. ಆದ್ದರಿಂದ ಮೊದಲಿನಿಂದಲೇ ನೋಡೋಣ.

ಜಿಂಕೆ ಬೇಟೆಗಾರರ ಬೂಟು ನಮ್ಮ ಅಂಗಡಿಗೆ ಬಂದ ಬಗೆ

ಒದ್ದೆ ನೆಲದ ಬೂಟುಗಳ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ಜಿಂಕೆ ಬೇಟೆಗಾರರಿಗಾಗಿ ಬರೆದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಶಿಕ್ಷಾರ್ಹ ಅಪರಾಧ. ಅಲ್ಲಿ ಅದು ಪರವಾನಗಿ ಪಡೆದು, ಗೊತ್ತಾದ ದಿನಗಳಲ್ಲಿ ಮಾಡುವ ಕೆಲಸ. ವಾಷಿಂಗ್ಟನ್, ಓರೆಗಾನ್ ರಾಜ್ಯಗಳ ಕರಾವಳಿಯಲ್ಲಿ ಬೇಟೆಯ ಕೊನೆಯ ಹಂತ ನವೆಂಬರ್ ಆಸುಪಾಸಿಗೆ ಬೀಳುತ್ತದೆ. ಆ ತಿಂಗಳಲ್ಲಿ ಅಲ್ಲಿ ಬಿಡದೆ ಜಿನುಗುವ ಮಳೆ, 5ರಿಂದ 10 ಡಿಗ್ರಿಯ ಚಳಿ, ಕೊಳೆತ ಎಲೆಯ ಜಾರುನೆಲ. ಬೇಟೆಗಾರನು ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು, ಅಥವಾ ಸದ್ದಾಗದಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಡಬೇಕು. ಅವನ ಕಾಲಿಗೆ ಬೇಕಾದದ್ದು ನೀರು ತಡೆಯುವ, ಬಿಸಿ ಹಿಡಿದಿಡುವ ಬೂಟು.

ಈ ಬೇಡಿಕೆಯಿಂದಲೇ ಹುಟ್ಟಿದ ಒಂದು ಬೂಟಿನ ಕತೆ ಇಲ್ಲಿ ಹೇಳಲೇಬೇಕು. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬಾತ ಬೇಟೆಯಿಂದ ಪ್ರತಿಸಲವೂ ಒದ್ದೆಕಾಲಲ್ಲಿ ಮರಳಿ ಬೇಸತ್ತು, ಕೆಳಭಾಗ ರಬ್ಬರು, ಮೇಲ್ಭಾಗ ಚರ್ಮ ಇರುವ ಬೂಟನ್ನು ಹೊಲಿಸಿ 1912ರಲ್ಲಿ ಅಂಚೆಯ ಮೂಲಕ ಮಾರಿದ. ಮೊದಲ 100 ಜೊತೆಗಳಲ್ಲಿ 90 ಜೊತೆ ವಾಪಸು ಬಂದವು, ಏಕೆಂದರೆ ಚರ್ಮ ಮತ್ತು ರಬ್ಬರಿನ ನಡುವಿನ ಹೊಲಿಗೆ ಹರಿದಿತ್ತು. ಅವನು ಎಲ್ಲರಿಗೂ ಹಣ ಮರಳಿಸಿ, ಸಾಲ ತಂದು ಮತ್ತೆ ಮಾಡಿಸಿದ. ಆ ಬೂಟಿನ ತರ್ಕ ಇಂದಿಗೂ ಸರಿಯಾಗಿದೆ: ನೆಲದ ನೀರು ತಾಗುವ ಭಾಗಕ್ಕೆ ನೀರು ದಾಟದ ವಸ್ತು, ಬೆವರು ಹೊರಹೋಗಬೇಕಾದ ಭಾಗಕ್ಕೆ ಉಸಿರಾಡುವ ವಸ್ತು. ಹೊಲಿಗೆ ಇರುವ ಜಾಗವೇ ಬೂಟಿನ ದುರ್ಬಲ ಜಾಗ ಎಂಬುದನ್ನೂ ಆ 90 ಜೊತೆಗಳೇ ಕಲಿಸಿಕೊಟ್ಟವು. ಅಂಗಡಿಯಲ್ಲಿ ಬೂಟು ಕೈಗೆತ್ತಿಕೊಂಡಾಗ ಅಟ್ಟೆಯೂ ಮೇಲ್ಮೈಯೂ ಸೇರುವ ಅಂಚನ್ನು ಮೊದಲು ಬಾಗಿಸಿ ನೋಡಬೇಕು ಎನ್ನುವುದು ಇದಕ್ಕೇ.

ಕಾಲು ಒದ್ದೆಯಾದರೆ ಆಗುವುದೇನು

ಚರ್ಮದ ಹೊರಪದರ ನೀರಿನಲ್ಲಿ ಬಹಳ ಹೊತ್ತು ಇದ್ದರೆ ನೀರು ಹೀರಿ ಮೆತ್ತಗಾಗುತ್ತದೆ. ಬಟ್ಟೆ ಒಗೆದ ಬೆರಳು ಸುಕ್ಕಾಗುವುದನ್ನು ಎಲ್ಲರೂ ನೋಡಿರುತ್ತೇವೆ. ಮೆತ್ತಗಾದ ಚರ್ಮ ಕಾಲ್ಚೀಲಕ್ಕೆ ಉಜ್ಜಿದಾಗ ಒಣಚರ್ಮಕ್ಕಿಂತ ಬೇಗ ಗುಳ್ಳೆ ಏಳುತ್ತದೆ, ಸುಲಿಯುತ್ತದೆ. ಎಂಟು ಕಿಲೋಮೀಟರ್ ಇಳಿಯಬೇಕಾದವನಿಗೆ ಅದೇ ದೊಡ್ಡ ಕಷ್ಟ.

ಇನ್ನೊಂದು ನಷ್ಟ ಶಾಖದ್ದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಚಳಿಯ ನೆಲದಲ್ಲಿ ಒದ್ದೆಯಾದ ಕಾಲು ಬಲುಬೇಗ ತಣ್ಣಗಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕೆಸರು ತುಂಬಿದ ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಪಾದಗಳು, ಹಿಮವಿಲ್ಲದಿದ್ದರೂ, ಮರಗಟ್ಟಿ ಕೊಳೆತವು. ಅದಕ್ಕೆ ‘ಕಂದಕದ ಪಾದ’ ಎಂಬ ಅರ್ಥದ ಹೆಸರೇ ಬಂತು. ಪ್ರತಿದಿನ ಕಾಲೊರೆಸಿ ಒಣ ಕಾಲ್ಚೀಲ ತೊಡುವ ಕಟ್ಟುನಿಟ್ಟಿನ ನಿಯಮ ಬಂದ ಮೇಲೆ ಆ ತೊಂದರೆ ಇಳಿಯಿತು. ಔಷಧಕ್ಕಿಂತ ಮೊದಲು ಕೆಲಸ ಮಾಡಿದ್ದು ಒಣ ಕಾಲ್ಚೀಲ.

ನಮ್ಮ ಸಹ್ಯಾದ್ರಿಯಲ್ಲಿ ಅಕ್ಟೋಬರ್ ತಿಂಗಳ ಚಳಿ ಅಷ್ಟಿರುವುದಿಲ್ಲ. ಇಲ್ಲಿ ಕಾಡುವುದು ಬೆಚ್ಚಗಿನ ಒದ್ದೆ. ಅಲ್ಲಿಯ ಸಲಹೆ ಇಲ್ಲಿಗೆ ಒಗ್ಗದಿರುವುದು ಈ ಒಂದು ವ್ಯತ್ಯಾಸದಿಂದ.

ವಾಟರ್‌ಪ್ರೂಫ್ ಎಂದರೆ ನಿಜವಾಗಿ ಏನು

ಈ ಪದದ ಕೆಳಗೆ ಎರಡು ಬೇರೆಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು ಗಮ್‌ಬೂಟು: ಹೊಲಿಗೆಯಿಲ್ಲದ ರಬ್ಬರು ಅಥವಾ ಪಿವಿಸಿ, ನೀರು ಯಾವ ಕಡೆಗೂ ದಾಟದು. ಹಸಿ ರಬ್ಬರು ಸೆಕೆಗೆ ಅಂಟು, ಚಳಿಗೆ ಬಿರುಸು. ಗಂಧಕ ಸೇರಿಸಿ ಬಿಸಿಮಾಡಿ ಅದನ್ನು ಹದಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ಮೇಲೆ ಇಂಥ ಬೂಟು ಸಾಧ್ಯವಾಯಿತು. ಅಡಿಕೆ ತೋಟದಲ್ಲಿ, ಕಾಲುವೆಯ ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಭದ್ರಾ ನಾಲೆಯ ಕೆಳಗೆ ಭತ್ತ ನಾಟಿ ಮಾಡುವವರು ಇದನ್ನು ತೊಡದೆ ಬರಿಗಾಲಲ್ಲೇ ಇಳಿಯುವುದಕ್ಕೂ ಕಾರಣವಿದೆ: ಕಲಸಿದ ಕೆಸರು ಬೂಟನ್ನು ಹೀರಿ ಹಿಡಿದುಕೊಳ್ಳುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ.

ಎರಡನೆಯದು ಪೊರೆಯ ಬೂಟು. ಮೇಲಿನ ಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ಬಹಳ ತೆಳುವಾದ ಪೊರೆಯೊಂದು ಇರುತ್ತದೆ. ಇದರಲ್ಲಿ ಹೆಸರಾದದ್ದು ಗೋರ್‌ಟೆಕ್ಸ್. ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ವಸ್ತುವನ್ನೇ 1969ರಲ್ಲಿ ಬಾಬ್ ಗೋರ್ ಎಂಬಾತ ಬಿಸಿಮಾಡಿ ಒಮ್ಮೆಲೇ ಜಗ್ಗಿದಾಗ, ಅದು ಹರಿಯುವ ಬದಲು ಕಣ್ಣಿಗೆ ಕಾಣದ ಕೋಟಿಗಟ್ಟಲೆ ರಂಧ್ರಗಳ ಹಾಳೆಯಾಗಿ ಹಿಗ್ಗಿತು. ಆ ರಂಧ್ರಗಳು ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕವು, ಆದರೆ ನೀರಿನ ಆವಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡವು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳಿದ ಮೇಲೆ ಎಲ್ಲವನ್ನೂ ಜರಡಿಗೆ ಸುರಿಯುತ್ತಾರೆ. ಮರಳು ಕೆಳಗಿಳಿಯುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. ಪೊರೆಯೂ ಅಂಥದೇ ಜರಡಿ. ಹೊರಗಿನ ಮಳೆಹನಿ ಮಂಡಕ್ಕಿಯಂತೆ ಹೊರಗೇ ಉಳಿದು, ಒಳಗಿನ ಬೆವರಿನ ಆವಿ ಮರಳಿನಂತೆ ದಾಟಿಹೋಗುತ್ತದೆ.

ಇಲ್ಲಿಯವರೆಗೆ ಜಾಹೀರಾತೂ ಸರಿಯಾಗಿಯೇ ಹೇಳುತ್ತದೆ. ಆದರೆ ಜರಡಿಯನ್ನು ಯಾರಾದರೂ ಅಲ್ಲಾಡಿಸಬೇಕಷ್ಟೆ? ಪೊರೆಯ ಜರಡಿಯನ್ನು ಅಲ್ಲಾಡಿಸುವ ಶಕ್ತಿ ಯಾವುದು? ಒಳಗಿನ ಮತ್ತು ಹೊರಗಿನ ತೇವಾಂಶದ ಅಂತರವೇ ಆ ಶಕ್ತಿ. ಆವಿಯು ಹೆಚ್ಚು ತೇವವಿರುವ ಕಡೆಯಿಂದ ಕಡಿಮೆ ತೇವವಿರುವ ಕಡೆಗೆ ಮಾತ್ರ ಸಾಗುತ್ತದೆ. ಚಿತ್ರದುರ್ಗದಲ್ಲಿ ಬೆಳಿಗ್ಗೆ ಹರವಿದ ಪಂಚೆ ಮಧ್ಯಾಹ್ನಕ್ಕೆ ಗರಿಗರಿ ಒಣಗಿರುತ್ತದೆ, ಆಗುಂಬೆಯ ಜುಲೈನಲ್ಲಿ ಅದೇ ಪಂಚೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತದೆ. ಬೂಟಿನೊಳಗಿನ ಬೆವರಿಗೂ ಇದೇ ನಿಯಮ.

ಅಂಕಿಗಳಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನಡೆಯುವವನ ಪಾದದ ಸುತ್ತಲಿನ ಗಾಳಿ ಸುಮಾರು 33 ಡಿಗ್ರಿ ಬೆಚ್ಚಗಿದ್ದು ಬೆವರಿನಿಂದ ಪೂರ್ತಿ ತೊಯ್ದಿದೆ ಎಂದುಕೊಳ್ಳೋಣ. ಅಂಥ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 35 ಗ್ರಾಂ ನೀರಾವಿ ಇರುತ್ತದೆ. ವಾಷಿಂಗ್ಟನ್ ಕರಾವಳಿಯ 7 ಡಿಗ್ರಿಯ ಗಾಳಿ ಮಳೆಯಲ್ಲಿ ಎಷ್ಟೇ ತೊಯ್ದಿದ್ದರೂ ಹಿಡಿಯಬಲ್ಲದ್ದು ಸುಮಾರು 8 ಗ್ರಾಂ ಮಾತ್ರ, ಏಕೆಂದರೆ ತಣ್ಣನೆಯ ಗಾಳಿಗೆ ಆವಿ ಹಿಡಿದಿಡುವ ಶಕ್ತಿ ಕಡಿಮೆ. ಸಹ್ಯಾದ್ರಿಯ 22 ಡಿಗ್ರಿಯ ಮಂಜುಗಾಳಿಯಲ್ಲಾದರೋ ಸುಮಾರು 19 ಗ್ರಾಂ ಇರುತ್ತದೆ. ಅಲ್ಲಿಯ ಅಂತರ 27, ಇಲ್ಲಿಯದು 16. ಬೂಟು ಒಂದೇ ಆದರೂ, ಅದರ ಬೆವರು ಹೊರದೂಡುವ ಶಕ್ತಿ ಇಲ್ಲಿ ಸುಮಾರು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಒಂದೊಂದು ಪಾದದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬೆವರುಗ್ರಂಥಿಗಳಿವೆ. ಏರುದಾರಿಯಲ್ಲಿ ಅವು ಸುಮ್ಮನಿರುವುದಿಲ್ಲ. ಆದ್ದರಿಂದ ಮಳೆಹನಿ ಒಂದೂ ಒಳಗೆ ಹೋಗದಿದ್ದರೂ, ಬೆವರಿನಿಂದಲೇ ಕಾಲ್ಚೀಲ ಹಿಂಡುವಷ್ಟು ತೊಯ್ಯುವುದುಂಟು. ‘ಬೂಟು ಸೋರಿತು’ ಎಂದು ಅಂಗಡಿಯವರೊಡನೆ ಜಗಳವಾಡುವವರಲ್ಲಿ ಎಷ್ಟೋ ಜನರ ಬೂಟು ಸೋರಿರುವುದೇ ಇಲ್ಲ.

ಹೊರಗಿನ ಬಟ್ಟೆ ಮಳೆಯಲ್ಲಿ ಪೂರ್ತಿ ನೆನೆದರೆ ಕಷ್ಟ ಇನ್ನಷ್ಟು. ಆಗ ಜರಡಿಯ ಕೆಳಗೆ ಒದ್ದೆ ಗೋಣಿಚೀಲ ಹಾಸಿದಂತಾಗಿ ಆವಿಗೆ ದಾರಿ ಸಿಗುವುದಿಲ್ಲ. ಹೊಸ ಬೂಟಿನ ಮೇಲೆ ನೀರು ಮುತ್ತಿನಂತೆ ಉರುಳುವುದು ಹೊರಬಟ್ಟೆಗೆ ಹಚ್ಚಿದ ಲೇಪದಿಂದ. ಕೆಲವು ತಿಂಗಳ ಬಳಕೆಯಲ್ಲಿ ಅದು ಸವೆಯುತ್ತದೆ, ಸ್ಪ್ರೇ ಹಾಕಿ ಮತ್ತೆ ಹಚ್ಚಬೇಕಾಗುತ್ತದೆ.

ಕೂತಿರುವ ಕಾಲು, ನಡೆಯುವ ಕಾಲು

ಈಗ ಆಯ್ಕೆಯ ಮಾತಿಗೆ ಬರಬಹುದು. ‘ಯಾವ ಬೂಟು ಒಳ್ಳೆಯದು?’ ಎಂದು ಕೇಳುವ ಮೊದಲು ‘ನನ್ನ ಕಾಲು ಅಲ್ಲಿ ಏನು ಮಾಡುತ್ತಿರುತ್ತದೆ?’ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಹೆಚ್ಚು ಹೊತ್ತು ಒಂದೇ ಕಡೆ ಕೂರುವವರಿಗೆ, ಅಂದರೆ ಅಲ್ಲಿ ಬೇಟೆಗಾರರಿಗೆ, ಇಲ್ಲಿ ಹಕ್ಕಿಯ ಫೋಟೊ ತೆಗೆಯಲು ಕಾದು ಕೂರುವವರಿಗೆ ಅಥವಾ ತೋಟ ಕಾಯುವವರಿಗೆ, ಬೆವರು ಕಡಿಮೆ, ಚಳಿ ಹೆಚ್ಚು. ಅವರಿಗೆ ನೀರು ದಾಟದ ಎತ್ತರದ ಬೂಟೇ ಸರಿ. ಹಗುರವಾದ ಮಳೆಯಲ್ಲಿ, ಹಳ್ಳ ದಾಟುವ ಪ್ರಸಂಗವಿಲ್ಲದೆ, ಒಂದೆರಡು ಗಂಟೆ ಒದ್ದೆ ಹುಲ್ಲಿನಲ್ಲಿ ನಡೆಯುವವರಿಗೆ ಪೊರೆಯ ಬೂಟು ಒಪ್ಪುತ್ತದೆ.

ಆದರೆ ಕೊಡಚಾದ್ರಿಯಂಥ ದಾರಿಯಲ್ಲಿ ದಿನವಿಡೀ ಏರಿ ಇಳಿಯುವವರ ಕಾಲು ಒದ್ದೆಯಾಗಿಯೇ ಆಗುತ್ತದೆ. ಹಳ್ಳದ ನೀರು ಬೂಟಿನ ಬಾಯಿಗಿಂತ ಎತ್ತರವಿದ್ದರೆ ಯಾವ ಪೊರೆಯೂ ಕಾಯುವುದಿಲ್ಲ. ಇವರಿಗೆ ನಾನು ಹೇಳುವುದು ಪೊರೆಯಿಲ್ಲದ, ಜಾಳಿಗೆಯಂಥ ಬಟ್ಟೆಯ, ಬೇಗ ಒಣಗುವ ಬೂಟನ್ನು. ನೀರು ಒಳಗೆ ಬರುತ್ತದೆ, ಬಂದ ದಾರಿಯಲ್ಲೇ ಹೋಗುತ್ತದೆ, ಇಪ್ಪತ್ತು ಹೆಜ್ಜೆಯಲ್ಲಿ ಬಹುಪಾಲು ಹಿಂಡಿಹೋಗಿರುತ್ತದೆ. ಇದು ಬಡವರ ಉಪಾಯವೇನೂ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಗದ್ದೆಕೆಸರಿನಲ್ಲಿ ನಡೆಯಬೇಕಾಗಿದ್ದ ಅಮೆರಿಕದ ಸೈನಿಕರಿಗೆ ಕೊಟ್ಟ ‘ಜಂಗಲ್ ಬೂಟಿ’ನ ಬದಿಯಲ್ಲಿ, ಪಾದದ ಕಮಾನಿನ ಬಳಿ, ನೀರು ಹರಿದುಹೋಗಲೆಂದೇ ಜಾಲರಿ ಹಾಕಿದ ತೂತುಗಳನ್ನು ಇಟ್ಟಿದ್ದರು. ಬೆಚ್ಚಗಿನ ಒದ್ದೆ ನಾಡಿನಲ್ಲಿ ನೀರನ್ನು ತಡೆಯುವುದಕ್ಕಿಂತ ಅದಕ್ಕೆ ಹೊರದಾರಿ ಕೊಡುವುದು ಮೇಲು ಎಂದು ಅವರೂ ಕಂಡುಕೊಂಡಿದ್ದರು. ನಮ್ಮ ಜೊತೆಗಿದ್ದ ಆ ಹುಡುಗನ ತೂತಿನ ಬೂಟು ಮಾಡಿದ್ದೂ ಇದನ್ನೇ.

ಅಟ್ಟೆ: ನಮ್ಮ ಬಂಡೆಯ ಪಾಠ ಅಲ್ಲಿ ನಡೆಯದು

ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಓಡಾಡಿ ಬೆಳೆದವರಿಗೆ ಬಂಡೆಯ ಬಗ್ಗೆ ಒಂದು ಧೈರ್ಯವಿರುತ್ತದೆ. ಒಣಗಿದ, ಹರಳುಹರಳಾದ ಬಂಡೆಯ ಮೇಲೆ ಟೈರ್ ಚಪ್ಪಲಿಯೂ ಹಿಡಿತ ಕೊಡುತ್ತದೆ, ಬರಿಗಾಲೂ ಕೊಡುತ್ತದೆ. ಮಲೆನಾಡಿನ ಕಲ್ಲು ಅಕ್ಟೋಬರ್‌ನಲ್ಲಿ ಪಾಚಿ ಹೊದ್ದಿರುತ್ತದೆ, ದಾರಿಗೆ ಅಡ್ಡಬಿದ್ದ ಬೇರು ಸಾಬೂನಿನಂತಿರುತ್ತದೆ. ಅಟ್ಟೆಗೂ ಕಲ್ಲಿಗೂ ನಡುವೆ ನೀರಿನ ತೆಳುಪದರ ಸೇರಿಕೊಂಡು ಎರಡೂ ಒಂದನ್ನೊಂದು ಮುಟ್ಟದಂತೆ ಮಾಡುತ್ತದೆ. ಒದ್ದೆ ರಸ್ತೆಯಲ್ಲಿ ಸವೆದ ಟೈರಿನ ಬೈಕು ಜಾರುವುದೂ ಹೀಗೆಯೇ.

ಆಳವಾದ ಹಲ್ಲುಗಳಿರುವ ರಬ್ಬರ್ ಅಟ್ಟೆಯನ್ನು ಜನಪ್ರಿಯಗೊಳಿಸಿದವನು ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ. 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಜನ ಸಂಗಾತಿಗಳನ್ನು ಕಳೆದುಕೊಂಡ ಅವನು, ಅದಕ್ಕೆ ಅಂದಿನ ಬೂಟುಗಳೂ ಒಂದು ಕಾರಣವೆಂದು ಕಂಡು, 1937ರಲ್ಲಿ ಹಲ್ಲಿನ ಅಟ್ಟೆಯನ್ನು ತಂದ. ಇಂದಿನ ವಿಬ್ರಾಮ್ ಎಂಬ ಹೆಸರು ಅವನ ಹೆಸರಿನ ತುಣುಕುಗಳಿಂದಲೇ ಆದದ್ದು. ಮಣ್ಣಿನಲ್ಲಿ ಆ ಹಲ್ಲುಗಳು ಕಚ್ಚಿ ಹಿಡಿಯುತ್ತವೆ. ಜೇಡಿ ಮೆತ್ತಿಕೊಳ್ಳದಿರಲು ಹಲ್ಲುಗಳ ನಡುವೆ ಅಗಲವಾದ ಜಾಗವಿರಬೇಕು, ಇಲ್ಲದಿದ್ದರೆ ನೂರು ಹೆಜ್ಜೆಯಲ್ಲಿ ಅಟ್ಟೆ ಸಪಾಟಾಗುತ್ತದೆ. ನಯವಾದ ಒದ್ದೆ ಕಲ್ಲಿನ ಮೇಲೆ ಮಾತ್ರ ಹಲ್ಲಿನ ಆಳ ಉಪಯೋಗಕ್ಕೆ ಬಾರದು. ಅಲ್ಲಿ ರಬ್ಬರಿನ ಮೃದುತ್ವವೇ ಮುಖ್ಯ. ಅಂಗಡಿಯಲ್ಲಿ ಉಗುರಿನಿಂದ ಅಟ್ಟೆಯನ್ನು ಒತ್ತಿ ನೋಡಿ: ಸ್ವಲ್ಪವೂ ಕುಗ್ಗದೆ ಪ್ಲಾಸ್ಟಿಕ್‌ನಂತೆ ಕಟಕಟ ಎಂದರೆ ಅದು ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಮೆತ್ತನೆಯ ಅಟ್ಟೆ ಬೇಗ ಸವೆಯುತ್ತದೆ ಎಂಬುದೂ ನಿಜ. ಮಲೆನಾಡಿಗೆಂದು ಕೊಂಡ ಬೂಟನ್ನು ನಮ್ಮ ಊರಿನ ಡಾಂಬರು ರಸ್ತೆಯಲ್ಲಿ ದಿನವೂ ತೊಟ್ಟು ಸವೆಸಬಾರದು.

ಹತ್ತಿಯ ಊರು, ಕಂಬಳಿಯ ಊರು

ಬೂಟಿಗೆ ಸಾವಿರಗಟ್ಟಲೆ ಖರ್ಚು ಮಾಡಿ, ಕಾಲ್ಚೀಲಕ್ಕೆ ಮನೆಯಲ್ಲಿದ್ದ ಶಾಲೆಯ ಜೊತೆಯನ್ನೇ ತೊಡುವವರನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ, ಏಕೆಂದರೆ ಗುಳ್ಳೆ ಏಳುವುದೂ ಏಳದಿರುವುದೂ ಹೆಚ್ಚಾಗಿ ಕಾಲ್ಚೀಲದ ಕೈಯಲ್ಲಿದೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು, ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಬೇರೆಯಿಲ್ಲ. ಆದರೆ ಬೂಟಿನೊಳಗೆ ಹತ್ತಿಯ ಗುಣವೇ ದೋಷವಾಗುತ್ತದೆ. ಅದು ನೀರನ್ನು ಚೆನ್ನಾಗಿ ಹೀರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಒದ್ದೆ ಹತ್ತಿ ಚರ್ಮಕ್ಕೆ ಅಂಟಿ, ಮಡಿಕೆ ಬಿದ್ದು, ಉಜ್ಜುತ್ತದೆ.

ಉಣ್ಣೆಯ ನಡವಳಿಕೆ ಬೇರೆ. ಚಳ್ಳಕೆರೆಯ ಕಡೆ ಕುರಿಗಾಹಿಗಳು ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು ಮಳೆಯಲ್ಲಿ ನಿಂತಿರುವುದನ್ನು ನೋಡಿದವರಿಗೆ ಇದು ಗೊತ್ತು. ಉಣ್ಣೆಯ ಎಳೆಯ ಹೊರಮೈ ನೀರಿನ ಹನಿಯನ್ನು ದೂರವಿಡುತ್ತದೆ, ಒಳಭಾಗ ಆವಿಯನ್ನು ಹೀರಿಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಬಿಸಿಯೂ ಪೂರ್ತಿ ಹೋಗುವುದಿಲ್ಲ. ನಮ್ಮ ಕಂಬಳಿಯ ಉಣ್ಣೆ ಒರಟು, ಕಾಲ್ಚೀಲಕ್ಕೆ ಬಾರದು. ಕಾಲ್ಚೀಲಕ್ಕೆ ಬಳಸುವುದು ಮೆರಿನೊ ಎಂಬ ತಳಿಯ ಕುರಿಯ ನವಿರಾದ ಉಣ್ಣೆ. ಅದರ ಬೆಲೆ ಹೆಚ್ಚೆನಿಸಿದರೆ ಆಟಗಾರರು ತೊಡುವ ನೈಲಾನ್ ಅಥವಾ ಪಾಲಿಯೆಸ್ಟರ್ ಕಾಲ್ಚೀಲವೂ ಹತ್ತಿಗಿಂತ ವಾಸಿ. ಮೂರು ಜೊತೆ ಇರಲಿ: ನಡೆಯಲು ಒಂದು, ಮಧ್ಯಾಹ್ನ ಬದಲಿಸಲು ಒಂದು, ರಾತ್ರಿ ಮಲಗುವಾಗ ತೊಡಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಮುಟ್ಟದ ಒಂದು.

ಇಂಬಳ, ಉಣುಗು, ಹಾವು

ಮಳೆಗಾಲದ ಕೊನೆಯಲ್ಲಿ ಇಂಬಳ ಇರುತ್ತದೆ. ಅದು ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಬಿಡುವುದರಿಂದ ಸೋರಿಕೆ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿಯಾಗಬೇಕಿಲ್ಲ. ಒತ್ತಾಗಿ ನೇಯ್ದ, ಮೊಣಕಾಲಿನ ಕೆಳಗೆ ದಾರದಿಂದ ಬಿಗಿಯುವ ಲೀಚ್ ಸಾಕ್ಸ್ ಇದಕ್ಕೆ ಸಾಕು. ಅದನ್ನು ಕಾಲ್ಚೀಲದ ಮೇಲೆ, ಪ್ಯಾಂಟಿನ ತುದಿಯನ್ನು ಒಳಸೇರಿಸಿ, ಬೂಟಿನ ಒಳಗೆ ತೊಡಬೇಕು. ಅದು ಹತ್ತಿಯದಾಗಿದ್ದರೂ ಚರ್ಮಕ್ಕೆ ತಾಗದ ಕಾರಣ ತೊಂದರೆಯಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಮಳೆ ಪೂರ್ತಿ ನಿಂತ ಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಉಣುಗು ನೆಲದ ತರಗೆಲೆಯಿಂದ ಕಾಲಿಗೆ ಹತ್ತುತ್ತದೆ. ಆ ತಿಂಗಳುಗಳಲ್ಲಿ ತೂತಿನ ಬೂಟು, ಸ್ಯಾಂಡಲ್ ಬೇಡ. ಮುಚ್ಚಿದ ಬೂಟು, ಒಳಸೇರಿಸಿದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಆ ಭಾಗದಲ್ಲಿ ಹಂಚುವ ಡೆಪಾ ತೈಲ ಮತ್ತು ಮರಳಿದ ಮೇಲೆ ಮೈಯೆಲ್ಲ ನೋಡಿಕೊಳ್ಳುವುದು ಅಗತ್ಯ. ಇನ್ನು ಹಾವು ಹೆಚ್ಚಾಗಿ ಕಚ್ಚುವುದು ಪಾದಕ್ಕೆ, ಪಾದದ ಗಂಟಿನ ಆಸುಪಾಸಿಗೆ. ಗಂಟು ಮುಚ್ಚುವ ಬೂಟು ಅದಕ್ಕೊಂದು ತಡೆ. ಕಾಲಲ್ಲಿ ಗಾಯವಿದ್ದು ನಿಂತ ನೀರಿನಲ್ಲಿ ನಡೆಯಬೇಕಾದರೆ ಇಲಿಜ್ವರದ ಭಯವೂ ಇದೆ. ಅಲ್ಲಿ ಮಾತ್ರ ಗಮ್‌ಬೂಟೇ ಸರಿ.

ಅಳತೆ ಮತ್ತು ಒಣಗಿಸುವಿಕೆ

ಬೂಟನ್ನು ಸಂಜೆ ಕೊಳ್ಳಬೇಕು, ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಚಾರಣದ ಕಾಲ್ಚೀಲ ತೊಟ್ಟೇ ನೋಡಬೇಕು. ಬೆರಳನ್ನು ಮುಂದಕ್ಕೆ ತಳ್ಳಿ ನಿಂತಾಗ ಹಿಮ್ಮಡಿಯ ಹಿಂದೆ ಕೈಬೆರಳೊಂದು ಹಿಡಿಯುವಷ್ಟು ಜಾಗ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಅಂಗಡಿಯ ಮೆಟ್ಟಿಲಿದ್ದರೆ ಇಳಿದು ನೋಡಿ. ನಂತರ ಎರಡು ವಾರವಾದರೂ ಊರಿನಲ್ಲಿ, ಕೋಟೆಯ ಒಳಗೆ, ಜೋಗಿಮಟ್ಟಿಯ ದಾರಿಯಲ್ಲಿ ತೊಟ್ಟು ಪಳಗಿಸಿ.

ಅಟ್ಟದ ಮೇಲಿಟ್ಟ ಹಳೆಯ ಬೂಟನ್ನು ಹೊರಡುವ ದಿನ ಇಳಿಸಿಕೊಳ್ಳುವವರಿಗೆ ಒಂದು ಮಾತು. ಹಲವು ಬೂಟುಗಳ ಅಟ್ಟೆಯಲ್ಲಿರುವ ಪಾಲಿಯುರೆಥೇನ್ ಎಂಬ ವಸ್ತು ಗಾಳಿಯ ತೇವದೊಂದಿಗೆ ನಿಧಾನವಾಗಿ ವರ್ತಿಸಿ, ತೊಡದೆ ಇಟ್ಟರೂ ನಾಲ್ಕಾರು ವರ್ಷದಲ್ಲಿ ಒಳಗೊಳಗೇ ಪುಡಿಯಾಗುತ್ತದೆ. ಹೊರಗಿನಿಂದ ಹೊಸದರಂತೆ ಕಂಡ ಬೂಟಿನ ಅಟ್ಟೆ ಕಾಡಿನ ನಡುವೆ ಇಡಿಯಾಗಿ ಕಳಚಿಬರುವುದು ಹೀಗೆ. ಹೊರಡುವ ವಾರ ಮೊದಲೇ ಇಳಿಸಿ, ಬಾಗಿಸಿ, ಒಂದು ಗಂಟೆ ನಡೆದು ನೋಡಬೇಕು.

ಮರಳಿ ಬಂದ ಮೇಲೆ ಒಳಹಾಳೆ ತೆಗೆದು, ಕೆಸರು ತೊಳೆದು, ಒಳಗೆ ಹಳೆಯ ದಿನಪತ್ರಿಕೆಯನ್ನು ಮುದ್ದೆ ಮಾಡಿ ತುರುಕಿ ನೆರಳಿನಲ್ಲಿಡಿ. ಕಾಗದ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಕೆಲವು ಗಂಟೆಗೊಮ್ಮೆ ಬದಲಿಸಬೇಕು. ಒಲೆಯ ಪಕ್ಕ ಅಥವಾ ನಮ್ಮ ಊರಿನ ಮಧ್ಯಾಹ್ನದ ಬಿಸಿಲಿನಲ್ಲಿ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಪತ್ರಿಕೆಯನ್ನು ಎರಡು ಸಲ ಬದಲಿಸಿದರೆ ಸಾಮಾನ್ಯವಾಗಿ ಮಾರನೆಯ ಸಂಜೆಗೆ ಜಾಳಿಗೆಯ ಬೂಟು ತೊಡುವಂತಾಗಿರುತ್ತದೆ. ಪೊರೆಯ ಬೂಟಿಗೆ ಇನ್ನೂ ಒಂದು ದಿನ ಬೇಕು.